ಬೇವಿನ ತವರು

ಆಗಸ್ಟ್ 11, ಬೆಳಿಗ್ಗೆ

ನಾನು ಮುನಿತಾಯಮ್ಮ. ಎಸ್ಸೆಸ್ಸೆಲ್ಸಿ ಪಾಸು. ಈ ಊರಲ್ಲಿ ಮೊದಲ ವೀಳ್ಯ ಇಂದಿಗೂ ನಮ್ಮ ಮನೆಗೇ. ಇವತ್ತು ಯಾರೂ ನನ್ನನ್ನು ಕೇಳಲಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ.

ಬಾಡಿಗೆ ಮನೆಗಳಿಗೆ ನೀರು ಬಿಟ್ಟು ಹೊಲದ ಕಡೆ ಹೋದೆ. ಪಕ್ಕದ ಹೊಲಕ್ಕೂ ನಮ್ಮದಕ್ಕೂ ನಡುವಿನ ಕಟ್ಟೆಯ ಅರಳಿ, ಬೇವು — ಎರಡರ ಮೇಲೂ ಕೆಂಪು ಬಣ್ಣದ ಗುರುತು! ಸರ್ವೆಯವನನ್ನು ನಿಲ್ಲಿಸಿ ಕೇಳಿದೆ.

"ಹೊಸ ಏರ್‌ಪೋರ್ಟ್‌ಗೆ ಜಾಗ ನೋಡ್ತಾ ಇದಾರೆ ಮೇಡಂ. ಈ ಕಡೆ ಫೈನಲ್ ಆದ್ರೆ ಟೇಕಾಫ್ ಆದ ವಿಮಾನ ಇದ್ರ ಮೇಲೇ ಹೋಗೋದು. ಅಡ್ಡ ಬರೋ ಮರ ತೆಗೀಬೇಕು."

"ಅಷ್ಟು ದೊಡ್ಡ ಆಕಾಶದಲ್ಲಿ ಅದಕ್ಕೆ ಬೇರೆ ದಾರಿ ಇಲ್ವಾ?"

ನಕ್ಕ. "ಮರ ತೆಗೆಯೋಕೆ ಚಿಕ್ಕಬೈರಪ್ಪನೋರು ಒಪ್ಪಿ ಸೈನ್ ಹಾಕಿದಾರೆ. ನಿಮ್ದೊಂದೇ ಬಾಕಿ."

ಮಧ್ಯಾಹ್ನ

ಚಿಕ್ಕಬೈರಪ್ಪ ಬರೀ ಪಕ್ಕದ ಹೊಲದವನಲ್ಲ, ಬೀಗ. ಈ ಮರಗಳಿಗೆ ಮದುವೆ ಮಾಡಿದ್ದು ನಮ್ಮ ಎರಡು ಮನೆಯವರು. ಅರಳಿ ನಮ್ಮ ಮಗ, ಬೇವು ಅವರ ಮಗಳು. ಅಂದಿನಿಂದ ಅವನ ಹೆಂಡತಿ ಭದ್ರಮ್ಮ ಪ್ರತಿ ಗೌರಿ ಹಬ್ಬಕ್ಕೂ ಬೇವಿಗೆ ಅರಿಸಿನ ಹಚ್ಚಿ, ತವರಿನ ಬಾಗಿನ ತಂದು ನನ್ನ ಕೈಗೆ ಕೊಡುತ್ತಾಳೆ. ಒಂದು ವರ್ಷವೂ ತಪ್ಪಿಸಿಲ್ಲ... ಕೊಟ್ಟ ಹೆಣ್ಣನ್ನು ಕಡಿಯಲು ಒಪ್ಪುವ ಅಪ್ಪ!

ಆಗಸ್ಟ್ 13

ಚಿಕ್ಕಬೈರಪ್ಪನನ್ನು ಮನೆಗೆ ಕರೆಸಿದೆ.

"ಏರ್‌ಪೋರ್ಟ್ ಬಂದ್ರೆ ನಮ್ ಜಮೀನಿಗೆ ಬಂಗಾರದ ರೇಟು ಕಣಕ್ಕ. ಎಲ್ಡು ಮರಕ್ಕೆ ಯಾಕಿಂಗಾಡ್ತೀಯ?"

"ಧಾರೆ ಎರೆಯೋವಾಗ ಗೊಳೋ ಅಂತ ಅತ್ತೆಯಲ್ಲೋ, ಆಗ ಮರ ಅಂತ ಗೊತ್ತಿರ್ಲಿಲ್ವಾ? ಭದ್ರಮ್ಮಂಗೆ ಹೇಳಿದ್ಯಾ?"

"ಅವಳಿಗ್ಯಾಕೆ ಏಳ್ಲಿ?"

ನನ್ನ ಮಗ ಮನು ಬಾಯಿ ಹಾಕಿದ — "ಸೈನ್ ಹಾಕ್ಬಿಡಮ್ಮ, ಸುಮ್ನೆ ನಿಷ್ಠೂರ." ಅವನಿಗೂ ಸೇರಿಸಿ ಬಯ್ದೆ. ಹಾಕುವುದಿಲ್ಲ.

ಆಗಸ್ಟ್ 26, ಗೌರಿ ಹಬ್ಬ

ಬೆಳಿಗ್ಗೆ ಚಿಕ್ಕಬೈರಪ್ಪನ ಕಾರು ಬಂತು. ಭದ್ರಮ್ಮ ಬಾಗಿನದ ಮೊರ ಹಿಡಿದು ಇಳಿದಳು. ಬಾಗಿನ ಬೇಡ ಅನ್ನಬಾರದು, ಗೊತ್ತು. ಆದರೂ ಅಂದೆ. ಕಾರಿನಲ್ಲೇ ಕೂತಿದ್ದ ಅವನಿಗೆ ಕೇಳಿಸುವ ಹಾಗೆ.

"ಮಗಳನ್ನೇ ಕಡೀರಿ ಅಂತ ಸೈನ್ ಹಾಕಿದೋರ ಬಾಗಿನ ನಂಗ್ಯಾಕೆ?"

ಭದ್ರಮ್ಮ ಗಂಡನ ಕಡೆ ತಿರುಗಿದಳು. "ಸೈನ್ ಆಕ್ಬಿಟ್ರಾ? ನಂಗೊಂದ್ ಮಾತು ಏಳ್ಲಿಲ್ವಲ್ರೀ..."

ಅವನು ಕಾರಿನ ಕೀಲಿ ತಿರುಗಿಸಿದ. ಮೊರ ಇಸಿದುಕೊಂಡು ಅವನ ಪಕ್ಕದ ಸೀಟಿನಲ್ಲಿಟ್ಟೆ. ಭದ್ರಮ್ಮನ ಕೈ ಹಿಡಿದು ಒಳಗೆ ಕರೆದುಕೊಳ್ಳುತ್ತಾ ಅವನಿಗೆ ಅಂದೆ.

"ಮೊದಲು ಸೈನ್ ವಾಪಸ್ ತಗೊಂಡ್ ಬಾ. ಆಮೇಲೆ ಹೆಂಡ್ತೀನ ಕೇಳು."

ಈಗ ಸಂಜೆ. ಭದ್ರಮ್ಮ ನನ್ನ ಅಡುಗೆಮನೆಯಲ್ಲಿ ಒಬ್ಬಟ್ಟು ತಟ್ಟುತ್ತಾ, ಹೂರಣಕ್ಕೆ ಬೆಲ್ಲ ಸಾಲದು ಅಂತ ನನ್ನನ್ನೇ ಬಯ್ಯುತ್ತಿದ್ದಾಳೆ. ಗೇಟಿನಲ್ಲಿ ಮತ್ತೆ ಚಿಕ್ಕಬೈರಪ್ಪನ ಕಾರಿನ ಹಾರ್ನ್. ಮನು ಏಳಹೋದ. ಕೂರಿಸಿದೆ. ಹೊಡೆಯಲಿ —