ಬಾಯಲ್ಲೇ ಉಳಿದ ಒಡಪು

ಅಕ್ಟೋಬರ್ 6, ರಾಯಚೂರು

ಗಿರಣಿಯಿಂದ ಹಿಟ್ಟು ತಂದೆ. ಇವತ್ತೂ ದಪ್ಪಗೇ ಬೀಸಿದ್ದಾನೆ, ಹಾಳಾದವನು. ಬರುವಾಗ ತೀನ್ ಕಂದೀಲ್ ಹತ್ತಿರ ಸೀತಾಫಲದ ಬುಟ್ಟಿ. ದೇವದುರ್ಗದ ಕಡೆಯವಂತೆ. ಒಂದನ್ನು ಮೂಸಿದೆ... ತವರಿನ ಗುಡ್ಡವೇ ಎದುರಿಗೆ ಬಂತು.

ಅಲ್ಲೀಗ ಫಾರೆಸ್ಟ್‌ನವರ ಬೇಲಿ. ಪರ್ಮಿಷನ್ ಇಲ್ಲದೆ ಬಿಡುವುದಿಲ್ಲ. ಯಜಮಾನರು ವರ್ಷಾ ವರ್ಷ "ಹೋಗೂಣು" ಅನ್ನುತ್ತಿದ್ದರು. ಮಾನ್ವಿ ಡಿಪೋ, ಬಸ್ಸು, ಡ್ಯೂಟಿ — ಬಿಟ್ಟರೆ ತಾನೆ! ಹೋದ ದೀಪಾವಳಿಗೆ ಒಬ್ಬರೇ ಹೊರಟುಹೋದರು, ವಾಪಸ್ ಬಾರದ ಊರಿಗೆ.

ಅಕ್ಟೋಬರ್ 7

ಗುಡ್ಡ ನೋಡಬೇಕು ಅಂದೆ. "ಯವ್ವಾ, ಮೊದಲ ನಿನ್ನ ಮೊಣಕಾಲು ನೋಡ್ಕೋ" ಅಂದಳು ಮಗಳು ದಾನೇಶ್ವರಿ. ಬೈದೆ. ಆಮೇಲೆ ತಾನೇ ಪರ್ಮಿಷನ್‌ಗೆ ಫೋನ್ ಮಾಡಿದಳು.

ಅಕ್ಟೋಬರ್ 13, ಮಧ್ಯಾಹ್ನ

ಗುಡ್ಡದಲ್ಲಿ ಕರಡಿಯನ್ನು ಕರಡಿ ಅನ್ನಬಾರದು. ಅಂದರೆ ಎದ್ದು ಬರುತ್ತದಂತೆ. ಜಾಂಬವಂತನ ಕುಲವೆಂದು ನಮ್ಮೂರವರು ಬೇರೊಂದು ಹೆಸರಿಟ್ಟಿದ್ದರು. ನನಗೆ ಸಿಕ್ಕ ಗಂಡನ ಹೆಸರೂ ಅದೇ! ಮದುವೆಯಲ್ಲಿ ಒಡಪು ಕಟ್ಟಿ, ಪ್ರಾಸದಲ್ಲಿ ಗಂಡನ ಹೆಸರು ಹೇಳು ಅಂತ ಹಟ ಹಿಡಿದರು.

"ಸೀತಾಫಲದ ಗುಡ್ಡಕ್ಕ ಹಸರ ಬಣ್ಣ, ನನ್ನ ಕೈ ಹಿಡದವರು..."

"ಜಂಬಣ್ಣ ಬಂದಾನ, ಓಡ್ರಿ!" ಅಂತ ಕೂಗಿಬಿಟ್ಟ ನನ್ನ ತಮ್ಮ ತಾಯಣ್ಣ. ಹಂದರವೆಲ್ಲ ನಕ್ಕಿತು. ನಾನು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದೆ.

ಆಮೇಲೆ ಹೇಳಲೇ ಇಲ್ಲ. ಗಂಡನ ಹೆಸರು ಸುಮ್ಮನೆ ಹೇಳುವುದುಂಟೇ? ಯಜಮಾನರು ಕೊನೆಯ ತನಕ ಕಾಡಿದರು: "ಲೇ ಸುನಂದಾ, ನನ್ನ ಒಡಪು ಬಾಕಿ ಅದ." "ಗುಡ್ಡಕ್ಕ ಹೋದಾಗ ಹೇಳ್ತೀನಿ ತಗೋರಿ" ಅನ್ನುತ್ತಿದ್ದೆ. ಎಷ್ಟು ಆಸೆಯಿತ್ತು ಅವರಿಗೆ. ನನಗೂ ಇತ್ತು.

ನವೆಂಬರ್ 2

ಪರ್ಮಿಷನ್ ಬಂತು. ನಾಳೆಯೇ. ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಒಡಪು ಹೇಳಿ ನೋಡಿದೆ. 'ಕೈ ಹಿಡದವರು' ತನಕ ಬರುತ್ತದೆ. ಮುಂದಿಲ್ಲ.

ನವೆಂಬರ್ 3, ಸಂಜೆ, ವಾಪಸ್ ಬರುವ ಜೀಪಿನಲ್ಲಿ

ಗುಡ್ಡ ಹತ್ತುವಾಗ ಮುಂದೆ ಗಾರ್ಡ್ ಹುಲಗಪ್ಪ — ನಮ್ಮೂರವನೇ. ಹಿಂದೆ ನಾನು, ಪಕ್ಕದಲ್ಲಿ ಮಗಳು. ಬರೀ ಬಂಡೆ, ಮುಳ್ಳು. ದಾರಿ ಅನ್ನುವುದೇ ಇಲ್ಲ. ಚಿಕ್ಕವರಿದ್ದಾಗ ಜಾರುತ್ತಿದ್ದ ಬಂಡೆ ಅಲ್ಲೇ ಇದೆ. ಮುಟ್ಟಿದೆ. ಬಿಸಿಲಿಗೆ ಬೆಚ್ಚಗಿತ್ತು. ಅತ್ತುಬಿಟ್ಟೆ.

ಗವಿ ಕಾಣುವಲ್ಲಿ ನಿಂತು ಇನ್ನೇನು ಒಡಪಿಗೆ ಬಾಯಿ ತೆರೆಯಬೇಕು, ಹುಲಗಪ್ಪ ಕೈ ಅಡ್ಡ ಹಿಡಿದ.

"ಸುಮ್ನಿರ್ರಿ ಯವ್ವಾ. ಜಂಬಣ್ಣ ಅದಾನ."

ಹಿಂದಕ್ಕೆ ತಿರುಗಿದೆ. ಅವರು ಯಾವಾಗಲೂ ನನ್ನ ಹಿಂದೆಯೇ ನಡೆಯುತ್ತಿದ್ದರಲ್ಲ... ಯಾರೂ ಇರಲಿಲ್ಲ. ಆಚೆ ಬಂಡೆಯ ಮೇಲೆ ಕರಡಿ — ತಪ್ಪಾಯಿತು, ಅನ್ನಬಾರದು — ಸೀತಾಫಲ ತಿನ್ನುತ್ತಾ ಕೂತಿತ್ತು. ಬೀಜದ ಸಮೇತ. ಅವರೂ ಹಾಗೇ ತಿನ್ನುತ್ತಿದ್ದರು. ತಿಂದು ಮುಗಿಸಿ, ಗವಿಯೊಳಗೆ ಹೋಯಿತು.

ಕೆಳಗಿಳಿದ ಮೇಲೆ ಹುಲಗಪ್ಪ ನಕ್ಕ. "ಯಾರ್ನ ನೋಡಿದ್ರಿ, ಹೇಳ್ರಿ ಮತ್ತ?"

ದಾನೇಶ್ವರಿ ನನ್ನ ಕೈ ಹಿಡಿದಳು. ಗುಡ್ಡದ ಕಡೆ ತಿರುಗಿ ಗಟ್ಟಿಯಾಗಿ ಒಡಪು ಹೇಳಿಬಿಟ್ಟೆ. ಪೂರ್ತಿ. ಗುಡ್ಡವೂ ಹೊರಳಿ ಹೇಳಿತು, ಅದೇ ಹೆಸರು.

ಇಲ್ಲೂ ಬರೆದುಬಿಡುತ್ತೇನೆ. ಯಾರು ಓದಬೇಕು? ಸೀತಾಫಲದ ಗುಡ್ಡಕ್ಕ ಹಸರ ಬಣ್ಣ, ನನ್ನ ಕೈ ಹಿಡದವರು ಜಂಬ... ತಡಿ, ದಾನೇಶ್ವರಿ ಇಣುಕುತ್ತಿದ್ದಾಳೆ.