ರೆಕ್ಕೆಗೆ ಹಾಕಿದ ಗಂಟು

ನಜಫ್‌ಗಢ, ದೆಹಲಿ
17 ನವೆಂಬರ್ 2025

ಪ್ರೀತಿಯ ಇಂದಿರಕ್ಕನಿಗೆ ಪದ್ಮಾಳ ನಮಸ್ಕಾರಗಳು.

ಕಾಗದ ನೋಡಿ ಗಾಬರಿಯಾಗಬೇಡಿ, ಎಲ್ಲರೂ ಆರೋಗ್ಯವಾಗಿದ್ದೇವೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮ ಫೋನು ಯಾವಾಗಲೂ ಸ್ಪೀಕರಿನಲ್ಲಿರುತ್ತದೆ. ನಾನು ಅರ್ಧ ಹೇಳುವಷ್ಟರಲ್ಲಿ ಮನೆಮಂದಿಯೆಲ್ಲ ಕೇಳಿ ಇವರಿಗೆ ಶಹಬ್ಬಾಸ್ ಹೇಳಿಬಿಡುತ್ತಾರೆ. ನನಗೆ ಇವರನ್ನು ತಡೆಯುವವರು ಬೇಕು. ಇವರು ಮಾತು ಕೇಳುವುದು ಅಕ್ಕನದೊಂದೇ.

ನಿಮ್ಮ ತಮ್ಮ ವಿಮಾನ ಕಟ್ಟುತ್ತಿದ್ದಾರೆ. ತಮಾಷೆ ಮಾಡುತ್ತಿಲ್ಲ. ಇಬ್ಬರು ಕೂತು ಹಾರುವಂಥ ಪುಟ್ಟ ವಿಮಾನ, ನಮ್ಮ ಮನೆಯ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ. ಕಾರು ಬೀದಿಗೆ ಬಿದ್ದಿದೆ, ಅದಕ್ಕಾಗಿ ಎದುರುಮನೆಯವರೊಂದಿಗೆ ದಿನಾ ಜಗಳ. ಸಚಿವಾಲಯದಲ್ಲಿ ಕಡತ ನೋಡುವವರಿಗೆ ಈ ವಯಸ್ಸಿನಲ್ಲಿ ಇದೇನು ಹುಚ್ಚು ಹೇಳಿ. ಮಗ ಆದರ್ಶ್ ಬುದ್ಧಿ ಹೇಳುತ್ತಾನೆಂದುಕೊಂಡರೆ, ಪಾಪಾ ಕೋ ಕರ್ನೇ ದೋ ನಾ ಅಮ್ಮಾ, ಮಾಡಲಿ ಬಿಡು ಎಂದು ನಕ್ಕುಬಿಟ್ಟ.

ಗುರುಗ್ರಾಮದಲ್ಲಿ ಸಂದೀಪ್ ಎಂಬುವರಿದ್ದಾರೆ, ಹಿಂದೆ ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದವರು. ಭಾನುವಾರ ಅವರ ಷೆಡ್ಡಿನಲ್ಲಿ ಇವರಿಗೆ ಪಾಠ. ಮರ ಅಂಟಿಸುವುದು, ಕೊಳವೆ ಬೆಸೆಯುವುದು, ರೆಕ್ಕೆಗೆ ಬಟ್ಟೆ ಹೊದಿಸುವುದು. ಹೌದು ಅಕ್ಕ, ಬಟ್ಟೆ! ಮರದ ಪಟ್ಟಿಗಳ ಮೇಲೆ ಬಟ್ಟೆ ಎಳೆದು, ಇಸ್ತ್ರಿ ಮಾಡಿ ಬಿಗಿಗೊಳಿಸಿ, ಮೇಣ ಹಚ್ಚಿದ ದಾರದಿಂದ ಹೊಲಿಯಬೇಕಂತೆ. ನಾನೋ, ಇಸ್ತ್ರಿ ಪೆಟ್ಟಿಗೆ ಎಲ್ಲಿ ಹೋಯಿತೆಂದು ವಾರವಿಡೀ ಮನೆ ತಡಕಾಡಿದ್ದೆ.

ಆ ಷೆಡ್ಡಿನ ಪದ್ಧತಿಯೇ ವಿಚಿತ್ರ. ಕಲಿಯುವವರು ಏನೇ ಮಾಡಿದರೂ ಅದರ ಮೇಲೆ ಮರಳಿನ ಚೀಲ ಹೇರಿ, ಮುರಿಯುವ ತನಕ ಹೇರಿ ನೋಡುತ್ತಾರೆ. ಇವರ ಹೊಲಿಗೆ ಪ್ರತಿ ಸಲವೂ ಕಿತ್ತು ಬಂತು. ಅಂಗಿಗೆ ಗುಂಡಿ ಹಾಕಲು ಬಾರದವರು! ಕಿತ್ತು ಬಂದಾಗಲೆಲ್ಲ ನಾನು ಒಳಗೊಳಗೇ ದೇವರಿಗೆ ಕೈಮುಗಿದೆ.

ಕೊನೆಗೆ ಇವರು ನೀನೇ ಹೊಲಿದುಕೊಡು ಎಂದರು. ನಿಮ್ಮಿಂದ ಮುಚ್ಚಿಡುವುದಿಲ್ಲ, ಒಪ್ಪಿದ್ದು ಕೆಡಿಸುವುದಕ್ಕೇ. ಗಂಟುಗಳನ್ನು ಸಡಿಲ ಬಿಟ್ಟರೆ ಹರಿಯುತ್ತದೆ, ಇವರು ಬೇಸತ್ತು ಕೈಬಿಡುತ್ತಾರೆ ಎಂಬ ಲೆಕ್ಕಾಚಾರ. ರೆಕ್ಕೆಯ ತುಂಡನ್ನು ನೆಟ್ಟಗೆ ನಿಲ್ಲಿಸಿ ಇವರು ಆ ಕಡೆ ಕೂತರು, ನಾನು ಈ ಕಡೆ. ಇವರ ಮುಖ ಕಾಣುತ್ತಿರಲಿಲ್ಲ. ಸೂಜಿ ಆ ಕಡೆಯಿಂದ ಬರುತ್ತಿತ್ತು, ನಾನು ಗಂಟು ಹಾಕಿ ವಾಪಸು ಕಳಿಸುತ್ತಿದ್ದೆ. ಮೊದಲನೆಯದು ಸಡಿಲವಾಗಿಯೇ ಹಾಕಿದೆ. ಆಮೇಲೆ ಈ ಹಾಳು ಕೈ ಕೇಳಲಿಲ್ಲ. ಮದುವೆಯಾದ ಹೊಸದರಲ್ಲಿ ರವಿಕೆಯ ಕೊಕ್ಕೆಗಳ ಹೊಲಿಗೆಯನ್ನು ಬಿಚ್ಚಿಸಿ ಬಿಚ್ಚಿಸಿ ಹಾಕಿಸಿದ್ದಿರಲ್ಲ ನೀವು, ಆ ಅಭ್ಯಾಸ. ಸಡಿಲ ಗಂಟನ್ನೂ ಬಿಚ್ಚಿ ಬಿಗಿಯಾಗಿ ಹಾಕಿದೆ.

ಷೆಡ್ಡಿನಲ್ಲಿ ನನ್ನೆದುರೇ ಚೀಲ ಹೇರಿದರು. ಹರಿದುಹೋಗಲಿ ಎಂದು ಒಂದು ಮನಸ್ಸು, ನನ್ನ ಹೊಲಿಗೆ ಹರಿಯುವುದುಂಟೇ ಎಂದು ಇನ್ನೊಂದು. ಕಡೆಗೆ ಮರವೇ ಲಟಕ್ಕೆಂದು ಮುರಿಯಿತು, ಹೊಲಿಗೆ ಅಲುಗಲಿಲ್ಲ. ಸಂದೀಪ್ ಅಚ್ಛಾ ಎಂದು ತಿರುಗಿಸಿ ತಿರುಗಿಸಿ ನೋಡಿದರು. ಎರಡೂ ರೆಕ್ಕೆಗಳ ಹೊಲಿಗೆ ಇನ್ನು ನನ್ನದೇ ಎಂದು ಇವರು ಎಲ್ಲರೆದುರು ಘೋಷಿಸಿದರು.

ಅವತ್ತಿನಿಂದ ನನಗೆ ನಿದ್ದೆಯಿಲ್ಲ. ಹಾರಿಸುವುದನ್ನೂ ಕಲಿಯುತ್ತಿದ್ದಾರೆ. ತಪಾಸಣೆ, ಅನುಮತಿ ಎಲ್ಲ ಮುಗಿದು ಇವರು ಮೇಲೇರುವ ದಿನ ಇವರನ್ನು ಹಿಡಿದಿರುವುದು ನನ್ನ ಗಂಟುಗಳು. ಒಂದು ಬಿಚ್ಚಿಕೊಂಡರೆ? ಸಾರಿಗೆ ಉಪ್ಪು ಹೆಚ್ಚಾದರೆ ನೀರು ಬೆರೆಸಬಹುದು, ಇದಕ್ಕೇನು ಮಾಡಲಿ? ಒಗ್ಗರಣೆ ಹಾಕುವಾಗಲೂ ಅದೇ ಯೋಚನೆ; ನಿನ್ನೆ ಸಾಸಿವೆ ಸೀದುಹೋಯಿತು. ನನಗೆ ಭಯವಾಗುತ್ತಿದೆ ಅಕ್ಕ. ನೀವೊಂದು ಮಾತು ಗದರಿದರೆ ಸಾಕು. ನಾನು ಬರೆದೆನೆಂದು ಮಾತ್ರ ಹೇಳಬೇಡಿ.

ನಿಮ್ಮ
ಪದ್ಮಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ತೂಕ ಸರಿದೂಗಿಸಬೇಕಂತೆ, ಪಕ್ಕದ ಸೀಟಿನಲ್ಲಿ ಯಾರು ಕೂರುತ್ತಾರೆ, ಎಷ್ಟು ತೂಕ ಎಂದು ಬೆಳಿಗ್ಗೆ ಇವರು ಕೇಳಿದರು. ಹೊಲಿದವಳು ಕೆಳಗೆ ನಿಂತು ನೋಡುತ್ತಿರಲು ಆಗುತ್ತದೆಯೇ? ನನ್ನದೇ ತೂಕ ಹೇಳಿದೆ, ಆರು ಕಿಲೋ ಕಡಿಮೆ ಮಾಡಿ. ಇವರು ಮೆಟ್ರೋ ಹತ್ತುವಷ್ಟರಲ್ಲಿ ಹೆದರಿಕೆಯಾಗಿ, ಫೋನ್ ಮಾಡಿ ನಿಜ ಹೇಳಿದೆ.