ಆ ಕಲ್ಲುಗುಡ್ಡೆಯಿಂದ ಮೊದಲು ಏಳು

ರಾಚೆಸ್ಟರ್ ಹಿಲ್ಸ್,
ಮೇ ಮೂರು, ಭಾನುವಾರ

ಪ್ರೀತಿಯ ಕಲ್ಮೇಶ್,

ಹೇಗಿದ್ದೀ? ಚಳಿಗೆ ಬೆರಳು ಒಡೆದು ರಕ್ತ ಬರುತ್ತಿದೆ ಎಂದು ಬರೆದಿದ್ದೆಯಲ್ಲ, ಈಗ ಹೇಗಿದೆ? ಮುಲಾಮು ಹಚ್ಚು, ಉದಾಸೀನ ಮಾಡಬೇಡ. ನಾನೂ ಮಗಳೂ ಆರಾಮ. ಇಲ್ಲಿ ಹಿಮ ಕರಗಿ ಹುಲ್ಲು ಚಿಗುರಿದೆ.

ಹಡಗಿನಲ್ಲಿ ಬಂದ ನಿನ್ನ ಪತ್ರವನ್ನು ನಿನ್ನೆ ಮನೆಯ ಬೇಸ್‌ಮೆಂಟಿನಲ್ಲಿ ಇಲ್ಲಿನ ನಮ್ಮ ಕನ್ನಡದವರೆಲ್ಲ ಊಟಕ್ಕೆ ಸೇರಿದಾಗ ಗಟ್ಟಿಯಾಗಿ ಓದಿದೆ. ದ್ವೀಪದಲ್ಲಿ ಮರವೆಂಬುದೇ ಇಲ್ಲ, ನಿಂತವರನ್ನು ಕೆಡವುವ ಗಾಳಿ, ಬೇಸಿಗೆಯಲ್ಲೂ ಗೇಣುದ್ದ ಅಗೆದರೆ ಕೆಳಗೆ ನೆಲ ಹೆಪ್ಪುಗಟ್ಟಿ ಗುದ್ದಲಿಯೇ ಇಳಿಯುವುದಿಲ್ಲ ಅಂತೆಲ್ಲ. ಆಮೇಲೆ ನಮ್ಮ ದಿಯಾ ಪತ್ರದ ಜೊತೆ ನೀನು ಕಳಿಸಿದ ಫೋಟೋವನ್ನು ಟಿವಿಗೆ ಹಾಕಿದಳು. ಉದ್ದನೆಯ ಕಲ್ಲುಗುಡ್ಡೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೀ. "ನಮ್ಮ ಕಲ್ಮ್ಯಾಗ ಕುಂಡ್ರಾಕ ಚಲೋ ಕಟ್ಟಿ ಸಿಕ್ಕೈತಿ ಬಿಡವಾ, ಇನ್ನ ಮನೀ ನೆನಪ ಆಗೂದಿಲ್ಲ" ಎಂದು ನಿಮ್ಮೂರಿನ ಗದಿಗೆಪ್ಪ ಅಂಕಲ್ ನಕ್ಕರು. ಪಕ್ಕದಲ್ಲಿ ಅಂಥದೇ ಇನ್ನೊಂದು ಗುಡ್ಡೆ, ಮತ್ತೊಂದು, ಸಾಲಾಗಿ, ಎಲ್ಲ ಒಂದೇ ದಿಕ್ಕಿಗೆ. ಕೊನೆಯದು ತೊಟ್ಟಿಲಷ್ಟೇ ಇತ್ತು. ಅದನ್ನು ಕಂಡದ್ದೇ ಅಂಕಲ್ ಕೈಯ ರೊಟ್ಟಿ ಅಲ್ಲೇ ನಿಂತಿತು. "ತಂಗೀ, ಇವು ಸಮಾಧಿ ಅಲ್ಲೇನವಾ?" ದಿಯಾ ನನ್ನ ಕೈ ಹಿಡಿದಳು. "ಅಮ್ಮಾ, ಅಪ್ಪ ಈಸ್ ಸಿಟಿಂಗ್ ಆನ್ ಸಮ್‌ಬಡಿ."

ಅಗೆಯಲಾಗದ ನೆಲದಲ್ಲಿ ಸತ್ತವರ ಮೇಲೆ ಕಲ್ಲು ಪೇರಿಸದೆ ಇನ್ನೇನು ಮಾಡುತ್ತಾರೆ? ಸತ್ತವರನ್ನು ಸುಡದೆ ಮಣ್ಣು ಕೊಡುವ ಮನೆತನದವನು ನೀನು! ನಿಮ್ಮಪ್ಪನ ಸಮಾಧಿಯ ಹತ್ತಿರ ಚಪ್ಪಲಿ ಹಾಕಿದ್ದಕ್ಕೆ ನನ್ನನ್ನೇ ಬೈದವನು, ಅಲ್ಲಿ ಕುಂಡಿ ಊರಿ ಕೂತೆಯಲ್ಲೋ! 'ಇಲ್ಲಿ ಎಂದೂ ಜನ ವಾಸಿಸಿಲ್ಲ' ಎಂದು ಸರ್ವೆ ವರದಿಯಲ್ಲಿ ಬರೆಯುತ್ತಿದ್ದೇನೆ ಅಂತ ಅದೇ ಪತ್ರದಲ್ಲಿ ಜಂಬ ಬೇರೆ. ಆ ಒಂದು ಸಾಲು ಸಾಕು, ನಿಮ್ಮ ಕಂಪನಿ ಅಲ್ಲಿ ಬಂದರು ಕಟ್ಟುತ್ತದೆ. ಬುಲ್ಡೋಜರ್ ಆ ತೊಟ್ಟಿಲಿನ ಮೇಲೆ ಹಾಯುತ್ತದೆ.

ಅಂದು ಧಾರವಾಡದಲ್ಲಿ ಡಿಸಿ ಕಚೇರಿ ಎದುರು ನಾವು ಧರಣಿ ಕೂತದ್ದು ಯಾಕೆ? ಜನ ಉಳುತ್ತಿದ್ದ ಹೊಲವನ್ನು 'ಖಾಲಿ ಜಾಗ' ಎಂದು ಸಾಹೇಬರು ಬರೆದುಕೊಂಡು ಬಂದಿದ್ದಕ್ಕೆ. ಆ ಕಾಗದವನ್ನು ಅವರ ಮುಖದೆದುರೇ ಹರಿದವನು ನೀನು. ನಾನು ನಿನ್ನನ್ನು ಮೆಚ್ಚಿದ್ದು ಆವತ್ತು. ಈಗ ನೀನೇ ಆ ಸಾಹೇಬನಾದೆಯಾ? ಗೊತ್ತಿಲ್ಲದೆ ಕೂತಿದ್ದರೆ ಏಳು, ವರದಿ ತಿದ್ದು. ಗೊತ್ತಿದ್ದೂ ಕೂತಿದ್ದರೆ ಈ ಮನೆಯಲ್ಲಿ ನಿನಗೆ ಕುರ್ಚಿಯಿಲ್ಲ.

ಮೈ ಬೆಚ್ಚಗಿಟ್ಟುಕೋ. ಅಂಕಲ್ ಕೇಳಿದರೆಂದು ತಿಳಿ. ದಿಯಾಳ ಮುತ್ತುಗಳು.

ನಿನ್ನ,
ವಾಣಿಶ್ರೀ

ತಾ.ಕ.: ಸೋಮವಾರ ಬೆಳಿಗ್ಗೆ. ಅಂಚೆಗೆ ಹೊತ್ತಾಯಿತು, ಗೀಚುತ್ತಿದ್ದೇನೆ. ಆ ದ್ವೀಪದಿಂದ ಹೊರದಬ್ಬಿಸಿಕೊಂಡವರ ಸಂಘವೊಂದಿದೆ, ದಿಯಾ ಹುಡುಕಿದಳು. ಬಂದರಿಗೆ ಅನುಮತಿ ಕೊಡಬೇಕೋ ಬೇಡವೋ ಎಂಬ ವಿಚಾರಣೆ ಜೂನ್‌ನಲ್ಲಿ. ಫೋಟೋ ಅವರಿಗೆ ಕಳಿಸಿಬಿಟ್ಟೆ. ನಿನ್ನ ಮುಖ ಮರೆಮಾಡಿಲ್ಲ.